ಕೆಳಗಿನ ಲೈನಿನ ಗಂಟೆ

ಬಾಗಿಲನ್ನು ಮುರಿದೇ ನಾವು ಒಳಗೆ ಹೋದದ್ದು. ಇದನ್ನು ಮೊದಲೇ ಬರೆದಿಡುತ್ತೇನೆ, ಏಕೆಂದರೆ ಆಮೇಲೆ ಸಮಿತಿಯ ಸಭೆಯಲ್ಲಿ ಬಾಗಿಲು ತೆರೆದೇ ಇತ್ತು ಎಂದು ಹೇಳಿದವರಿದ್ದರು. ಮುರಿದವರು ನಾನು ಮತ್ತು ಕಾಂಪೌಂಡರ್. ಒಳಚಿಲಕದ ಮೊಳೆಗಳು ಕಿತ್ತು ನೆಲಕ್ಕೆ ಬಿದ್ದದ್ದನ್ನು ಇಬ್ಬರೂ ಕಂಡೆವು.

ಆಯಾ ಬಚ್ಚಲಿನ ಹೊಸ್ತಿಲ ಬಳಿ ಗೋಡೆಗೆ ಒರಗಿ ಕೂತಿದ್ದಳು. ಎಡಗೈಯ ಮಣಿಕಟ್ಟು ಊದಿ ನೀಲಿಗಟ್ಟಿತ್ತು. ಆ ಕೋಣೆಯ ವೃದ್ಧ ರೋಗಿ ಸುಬೇದಾರರು ಮಂಚದ ಮೇಲೆ ನೆಟ್ಟಗೆ ಕೂತು, ಊರುಗೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಿದ್ದರು. ನಮ್ಮನ್ನು ಕಂಡು, "ಕಳ್ಳಿಯನ್ನು ಹಿಡಿದು ಕೂರಿಸಿದ್ದೇನೆ. ಠಾಣೆಗೆ ಕೊಡಿ," ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಕಾವಲು ಬದಲಾಯಿಸುವವರು ಬಂದರಲ್ಲ ಎಂಬ ಸಮಾಧಾನವಿತ್ತು.

"ಎಷ್ಟು ಹೊತ್ತಾಯ್ತಕ್ಕ?" ಕಾಂಪೌಂಡರ್ ಕೇಳಿದ.

"ಅಜ್ಜನ ಮೀಸಿಕೆ ಸ್ನಾನದ ಬಿಸಿನೀರು ತಂದಾಗ ಹೊಡೆದದ್ದು," ಎಂದಳು ಆಯಾ. "ಆ ನೀರನ್ನು ಮುಟ್ಟಿ ನೋಡಿ."

ನೀರು ಕಲ್ಲಿನಂತೆ ತಣ್ಣಗಿತ್ತು. ಅಷ್ಟು ಹೊತ್ತೂ ಅವಳು ಕೂಗಿದ್ದಳು. ಆದರೆ ಅದು ಕಾಫಿ ಕೊಯ್ಲಿನ ಕಾಲ. ಪಕ್ಕದ ಎಸ್ಟೇಟಿನಲ್ಲಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮಧ್ಯಾಹ್ನವೆಲ್ಲ ಓಡುತ್ತಿತ್ತು. ಆ ಗಡಗಡ ಸದ್ದಿನಲ್ಲಿ ಕೆಳಗಿನ ಲೈನಿನ ಕೂಗು ಮೇಲಿನ ಲೈನಿಗೆ ಬರಲಿಲ್ಲ. ಪಲ್ಪರ್ ನಿಂತ ಮೇಲೆಯೇ ನಮಗೆ ಕೇಳಿಸಿದ್ದು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದ ಕಾಲ. ತಿತಿಮತಿಯ ಕಡೆ ಕೈಬಿಟ್ಟ ಒಂದು ಎಸ್ಟೇಟಿನ ಎರಡು ಕೂಲಿ ಲೈನುಗಳನ್ನು, ಅಂದರೆ ಕೂಲಿಯಾಳುಗಳ ಸಾಲುಮನೆಗಳನ್ನು, ದುರಸ್ತಿ ಮಾಡಿ, ಕೆಲವು ಪ್ಲಾಂಟರುಗಳು ಸೇರಿ ವೃದ್ಧರ ಆರೈಕೆಮನೆ ನಡೆಸುತ್ತಿದ್ದರು. ನಡೆದಾಡಬಲ್ಲವರು ಮೇಲಿನ ಲೈನಿನಲ್ಲಿ. ಅಡುಗೆಮನೆ, ಔಷಧದ ಕೋಣೆ, ನನ್ನ ಆಫೀಸು ಅಲ್ಲಿಯೇ. ಹಾಸಿಗೆ ಹಿಡಿದವರು, ಬುದ್ಧಿ ಕದಡಿದವರು ಕೆಳಗಿನ ಲೈನಿನಲ್ಲಿ. ನಡುವೆ ಕಾಫಿಗಿಡಗಳ ಇಳಿಜಾರು. ಮೇಲೆ ಸದ್ದಾಗದಿರಲಿ ಎಂದೇ ಹಾಗೆ ಮಾಡಿದ್ದರು. ಕೆಳಗೆ ಪಾಳಿಗೆ ಒಬ್ಬಳೇ ಆಯಾ. ಲೆಕ್ಕಪತ್ರ, ಪಾಳಿ ಹಂಚುವುದು ನನ್ನ ಕೆಲಸ. ಎಸ್ಟೇಟಿನ ರೂಢಿಯಂತೆ ಎಲ್ಲರೂ ನನ್ನನ್ನು ರೈಟ್ರೇ ಎನ್ನುತ್ತಿದ್ದರು. ಜೊತೆಗೆ ಮೈಸೂರಿನ ಒಂದು ದಿನಪತ್ರಿಕೆಗೆ ಸುದ್ದಿ ಕಳುಹಿಸುತ್ತಿದ್ದೆ.

ಸಮಿತಿಯ ಅಧ್ಯಕ್ಷರು ಮರುದಿನ ಬಂದರು. ಸುಬೇದಾರರು ಅವರಿಗೆ ದೊಡ್ಡಪ್ಪನಾಗಬೇಕು, ಒಂದೇ ಮನೆತನ. ನಾನು ಬರೆದ ವರದಿಯನ್ನು ನಿಂತೇ ಓದಿದರು.

"'ಊರುಗೋಲಿನಿಂದ ಹೊಡೆದರು' ಅಂತ ಬರೆದಿದ್ದೀರಿ. ಇದನ್ನು ತೆಗೆದು 'ಬಚ್ಚಲಿನಲ್ಲಿ ಜಾರಿ ಬಿದ್ದಳು' ಅಂತ ಹಾಕಿ."

"ಬಚ್ಚಲು ಒಣಗಿತ್ತು ಸಾರ್. ನೀರು ಇನ್ನೂ ಬಕೆಟ್ಟಿನಲ್ಲೇ ಇತ್ತು."

"ಎರಡು ಯುದ್ಧ ಕಂಡ ಮನುಷ್ಯ ಅವರು. ಹೆಂಗಸಿನ ಮೇಲೆ ಕೈ ಮಾಡಿದರು ಅಂತ ಕಾಗದದಲ್ಲಿ ಉಳಿಯಬೇಕಾ?"

"ಅವರಿಗೆ ಕಾಯಿಲೆ ಸಾರ್. ಅದನ್ನೂ ಬರೆದಿದ್ದೇನೆ, ಕೆಳಗಿನ ಸಾಲು ನೋಡಿ."

ಅವರು ನೋಡಲಿಲ್ಲ. "ನಿಮ್ಮ ಪೇಪರಿಗೂ ಕಳಿಸ್ತೀರೋ?"

"ಇಲ್ಲ. ನಾನು ಸಂಬಳ ತಗೊಳ್ಳುವ ಜಾಗದ ಸುದ್ದಿಯನ್ನು ನಾನೇ ಬರೆಯುವುದು ಕ್ರಮವಲ್ಲ. ಆದರೆ ಈ ವರದಿಯನ್ನು ತಿದ್ದುವುದಿಲ್ಲ."

ಅವರು ಕಾಗದವನ್ನು ಮೇಜಿನ ಮೇಲೆ ಹಾಕಿ, ಆ ಆಯಾ ಇರುವುದಾದರೆ ಇರಲಿ, ಕೆಳಗಿನ ಲೈನಿನಲ್ಲಿ ಇನ್ನೊಂದು ಗಲಾಟೆ ಆದರೆ ಅವಳನ್ನು ಬಿಡಿಸುವುದೇ ಎಂದು ಹೇಳಿ ಹೋದರು. ಕರಿಕೆ ಕಡೆಯ ಹೆಂಗಸು ಅವಳು. ಗಂಡ ತೀರಿಕೊಂಡ ಮೇಲೆ ಬಂದವಳು, ಹಿಂತಿರುಗಿ ಹೋಗಲು ಮನೆ ಇರಲಿಲ್ಲ. ಅರೆಭಾಷೆ, ಕನ್ನಡ, ಮಲಯಾಳ ಮೂರನ್ನೂ ಬೆರೆಸಿ ಮಾತಾಡುತ್ತಿದ್ದಳು. ಬಿದಿರಿನ ಪಟ್ಟಿ ಕಟ್ಟಿದ ಕೈಯಲ್ಲೇ ಕೆಲಸಕ್ಕೆ ಬಂದು ನನ್ನೆದುರು ನಿಂತಳು.

"ಅಜ್ಜನ ಮೇಲೆ ನಂಗೆ ಕೋಪ ಇಲ್ಲೆ, ರೈಟ್ರೇ. ಬೆಳಿಗ್ಗೆ ಮಗುವಿನ ಹಾಗೆ ಗಂಜಿ ಕುಡಿತಾರೆ. ಮಧ್ಯಾಹ್ನ ಆದ ಮೇಲೆ ಎಂಥದೋ ಕಾಣ್ತದೆ ಅವರಿಗೆ. ಆದ್ರೆ ನಾ ಕೂಗಿದ್ದು ಯಾರಿಗೂ ಕೇಳದಿದ್ರೆ ಹೇಗೆ? ಕೇಳುವ ಹಾಗೆ ಎಂಥಾದ್ರೂ ಮಾಡಿ ಕೊಡಿ. ಮತ್ತೆ ಹೋಗ್ತೇನೆ."

ಮೊದಲು ಮಾಡಿದ್ದು ಸುಲಭದ ಕೆಲಸ. ಕೆಳಗಿನ ಲೈನಿನ ಒಳಚಿಲಕಗಳನ್ನೆಲ್ಲ ತೆಗೆಸಿದೆ. ಬಾಗಿಲುಗಳನ್ನು ಹೊರಕ್ಕೆ ತೆರೆಯುವಂತೆ ತಿರುಗಿಸಿ ಕೂರಿಸಿದೆವು, ಒಳಗಿನಿಂದ ಯಾರೂ ಅಡ್ಡ ಕೂತು ತಡೆಯಬಾರದೆಂದು. ಆಮೇಲೆ ಸೀಟಿ. ಗೋಣಿಕೊಪ್ಪದಿಂದ ಪೊಲೀಸರು ಊದುವಂಥ ಸೀಟಿಗಳನ್ನು ತರಿಸಿ, ಕೊರಳಿಗೆ ಹಾಕಿಕೊಳ್ಳಲು ಹುರಿ ಕಟ್ಟಿ ಆಯಾಗಳಿಗೆ ಕೊಟ್ಟೆ.

"ಕೊರಳಿಗಾ?" ಅಂದಳು ಕರಿಕೆಯ ಆಯಾ. "ಅಜ್ಜ ಹಿಡಿದು ಎಳೆದರೆ ಅಲ್ಲಿಗೆ ಮುಗೀತು. ನೇಣು ನೀವೇ ಕಟ್ಟಿ ಕಳಿಸಿದ ಹಾಗೆ."

ಸೀಟಿ ಸೊಂಟಕ್ಕೆ ಬಂತು. ಪರೀಕ್ಷೆ ಮಾಡಿದೆವು. ಪಲ್ಪರ್ ಓಡುವಾಗಲೂ ಮೇಲಿನ ಲೈನಿಗೆ ಸಣ್ಣಗೆ ಕೇಳಿಸಿತು. ಆದರೆ ಯಾರೂ ತಲೆ ಎತ್ತಲಿಲ್ಲ. ಪಕ್ಕದ ಎಸ್ಟೇಟಿನ ಮೇಸ್ತ್ರಿ ಹಣ್ಣು ಕೊಯ್ಯುವ ಪಿಕ್ಕಿಂಗಿನವರನ್ನು ಸೇರಿಸಲು, ಊಟಕ್ಕೆ ಬಿಡಲು, ತೂಕಕ್ಕೆ ಕರೆಯಲು ಊದುತ್ತಿದ್ದದ್ದು ಅದೇ ಸೀಟಿ. ಆ ಸದ್ದನ್ನು ಕೇಳಿಸಿಕೊಳ್ಳದಿರಲು ಎಲ್ಲರ ಕಿವಿಯೂ ಪಳಗಿತ್ತು.

ಅಧ್ಯಕ್ಷರಿಗೆ ಹೇಳಿದಾಗ ನಕ್ಕುಬಿಟ್ಟರು. "ಕೊಡಗಿನಲ್ಲಿ ಕೂತುಕೊಂಡು ಸೀಟಿ ಊದ್ತೀರಲ್ರೀ. ವಾಚ್‌ಮ್ಯಾನಿಗೆ ಕೋವಿ ಕೊಡ್ತೇನೆ. ಇಳಿಜಾರಿನ ಮಧ್ಯೆ ನಿಲ್ಲಲಿ. ಸೀಟಿ ಕೇಳಿದ ತಕ್ಷಣ ಹಾರಿಸಲಿ. ಒಂದು ಗುಂಡಿಗೆ ಊರೇ ಬರುತ್ತದೆ."

ವಾಚ್‌ಮ್ಯಾನ್ ಬಯಲುಸೀಮೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದ ಮನೆಯವನು. ಕೋವಿ ಹಿಡಿಯುವುದು ಅವನಿಗೆ ಹಬ್ಬವಾಯಿತು. ಕೆಲವು ದಿನಗಳಲ್ಲೇ ಅದರ ಅವಶ್ಯಕತೆಯೂ ಬಿತ್ತು. ಮಧ್ಯಾಹ್ನ ಸುಬೇದಾರರು ಕೋಲೆತ್ತಿದಾಗ ಆಯಾ ಹೊರಗೆ ಓಡಿ ಕಾಫಿಗಿಡಗಳ ಮರೆಯಲ್ಲಿ ನಿಂತು ಸೀಟಿ ಊದಿದಳು. ವಾಚ್‌ಮ್ಯಾನ್ ಆಕಾಶಕ್ಕೆ ಒಂದು ಗುಂಡು ಹಾರಿಸಿದ. ಮೇಲಿನ ಲೈನಿನಿಂದ ನಾನು ಮತ್ತು ಕಾಂಪೌಂಡರ್ ಓಡಿದೆವು. ಊರಿನಿಂದ ಯಾರೂ ಬರಲಿಲ್ಲ. ಸಂಜೆ ಪಕ್ಕದ ಎಸ್ಟೇಟಿನ ಮೇಸ್ತ್ರಿ ಗೇಟಿನ ಹತ್ತಿರ ನಿಂತು ಕೇಳಿದ:

"ಏನ್ ರೈಟ್ರೇ, ನಿಮ್ಮ ಮುದುಕರ ಮನೇಲಿ ಗಂಡುಮಗು ಹುಟ್ಟಿತಂತೆ? ತಾಯಿ ಯಾರು?"

ಕೊಡವರ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು. ಸುತ್ತಲಿನ ಊರುಗಳಿಗೆಲ್ಲ ಗೊತ್ತಿದ್ದ ಸಂಗತಿ. ಹೇಳಿಕೊಟ್ಟ ಅಧ್ಯಕ್ಷರಿಗೆ, ಒಪ್ಪಿದ ನನಗೆ, ಇಬ್ಬರಿಗೂ ಅದು ಹೊಳೆಯದೆ ಹೋಯಿತು. ಗೋಣಿಕೊಪ್ಪದ ಸಂತೆಯಲ್ಲಿ ವಾಚ್‌ಮ್ಯಾನನನ್ನು ಬಾಣಂತಿಗೆ ಬೆಲ್ಲ ಕೊಂಡೆಯಾ ಎಂದು ಕೇಳಿ ಕೇಳಿ ಸುಸ್ತು ಮಾಡಿದರು. ಅವನಿಗೆ ರೋಷ ಬಂತು. ಮುಂದಿನ ಸಲ ಸೀಟಿ ಕೇಳಿದಾಗ, ಒಂದಕ್ಕೆ ಬಾರದವರು ಎರಡಕ್ಕಾದರೂ ಬರಲಿ ಎಂದು ತಾನೇ ತೀರ್ಮಾನಿಸಿ, ಒಂದರ ಹಿಂದೆ ಒಂದು ಎರಡು ಗುಂಡು ಹಾರಿಸಿದ.

ಬಂದರು. ಎರಡು ಗುಂಡು ಸಾವಿನ ಸುದ್ದಿ. ಬಿಳಿ ಬಟ್ಟೆ ಉಟ್ಟು, ತಲೆಗೆ ಬಿಳಿ ವಸ್ತ್ರ ಕಟ್ಟಿ, ದೂರದೂರದ ಮನೆಗಳವರನ್ನು ಕೂಡಿಕೊಂಡು, ಗುಂಪುಗುಂಪಾಗಿ ಬಂದರು. ನಿಧಾನವಾಗಿಯೇ ಬಂದರು, ಸತ್ತವರಿಗೆ ಅವಸರವಿಲ್ಲವಲ್ಲ. ಅಷ್ಟರಲ್ಲಿ ಆಯಾಳ ಬೆನ್ನಿಗೆ ಎರಡು ಏಟು ಬಿದ್ದು, ಸುಬೇದಾರರು ತಣ್ಣಗಾಗಿ, ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಬಿಳಿ ಬಟ್ಟೆಯವರನ್ನು ಕಂಡು ಎದ್ದು ನಿಂತು, "ಯಾರು ಹೋದರು?" ಎಂದು ಮರ್ಯಾದೆಯಿಂದ ಕೇಳಿದರು. ಮೇಲಿನ ಲೈನಿನ ಒಬ್ಬ ಅಜ್ಜಿ ಎಂದೋ ತೀರಿಕೊಂಡ ಮಗನ ಹೆಸರು ಹಿಡಿದು ಅಳತೊಡಗಿದವರು ಕತ್ತಲಾದರೂ ನಿಲ್ಲಿಸಲಿಲ್ಲ. ಅಂದೇ ಕೋವಿ ಅಧ್ಯಕ್ಷರ ಮನೆಗೆ ವಾಪಸು ಹೋಯಿತು.

ಗೋಣಿಕೊಪ್ಪದಲ್ಲಿ ರೇಡಿಯೋ ರಿಪೇರಿ ಮಾಡುವವನೊಬ್ಬನಿದ್ದ. ಎಲೆಕ್ಟ್ರಿಕ್ ಗಂಟೆ, ಟೆಲಿಫೋನಿಗೆ ಹಾಕುವ ದೊಡ್ಡ ಡ್ರೈ ಸೆಲ್ಲುಗಳು, ತಾಮ್ರದ ತಂತಿ ಇದ್ದರೆ ಆಗುತ್ತದೆ ಎಂದ. ಮಂಚದ ಪಕ್ಕ ಗೋಡೆಗೆ ಒತ್ತುವ ಗುಂಡಿ ಹಾಕೋಣವೆಂದ. ಆಯಾ ಒಪ್ಪಲಿಲ್ಲ.

"ಗೋಡೆ ಹತ್ತಿರ ಹೋಗುವ ಹಾಗಿದ್ರೆ ಬಾಗಿಲ ಹತ್ತಿರವೇ ಹೋಗ್ತೇನಲ್ಲ ಅಣ್ಣ. ಒಂದು ಕೈ ಅವರ ಕೈಲಿರ್ತದೆ. ಇನ್ನೊಂದು ಕೈಲಿ ಮುಖ ಮುಚ್ಚಿಕೊಂಡಿರ್ತೇನೆ. ಗುಂಡಿ ಒತ್ತಿಕೆ ಮೂರನೇ ಕೈ ಎಲ್ಲುಟ್ಟು?"

ಅವನು ಅಂಗಳಕ್ಕೆ ಹೋದ. ಹಗ್ಗದ ಮೇಲೆ ಒಣಗುತ್ತಿದ್ದ ಹಾಸಿಗೆ ಬಟ್ಟೆಗಳ ಮರದ ಕ್ಲಿಪ್ ಒಂದನ್ನು ಕಿತ್ತುಕೊಂಡು ಬಂದು ಅದನ್ನೇ ಕಚ್ಚಿಸುತ್ತ, ಬಿಡಿಸುತ್ತ ಕೂತ. ಕೊನೆಗೆ ಮಾಡಿದ್ದು ಹೀಗೆ. ಕ್ಲಿಪ್ಪಿನ ಎರಡು ದವಡೆಗೂ ತಾಮ್ರದ ತಗಡು ಸುತ್ತಿ ಒಂದೊಂದಕ್ಕೆ ಒಂದೊಂದು ತಂತಿ ಕಟ್ಟಿದ. ದವಡೆಗಳ ನಡುವೆ ತೆಳುವಾದ ಬಿಲ್ಲೆ. ಬಿಲ್ಲೆ ಇರುವವರೆಗೆ ತಾಮ್ರಕ್ಕೆ ತಾಮ್ರ ತಾಗುವುದಿಲ್ಲ, ಗಂಟೆ ಸುಮ್ಮನಿರುತ್ತದೆ. ಬಿಲ್ಲೆಗೆ ನೂಲು, ನೂಲಿನ ಇನ್ನೊಂದು ತುದಿ ಆಯಾಳ ಸೊಂಟಕ್ಕೆ. ಒಂದು ಸಲ ಜಗ್ಗಿದರೆ ಬಿಲ್ಲೆ ಹಾರಿ ಕ್ಲಿಪ್ ಕಚ್ಚಿಕೊಳ್ಳುತ್ತದೆ, ಗಂಟೆ ಬಾರಿಸುತ್ತದೆ. ಯಾರಾದರೂ ಕೋಣೆಗೇ ಬಂದು ಬಿಲ್ಲೆಯನ್ನು ಮತ್ತೆ ಸಿಕ್ಕಿಸುವವರೆಗೆ ನಿಲ್ಲುವುದಿಲ್ಲ. ಕೈಯೂ ಬೇಡ, ಉಸಿರೂ ಬೇಡ. ನೂಲನ್ನು ರೋಗಿಯೇ ಹಿಡಿದು ಎಳೆದರೂ ಗಂಟೆ ಬಾರಿಸುತ್ತದೆ. ಹೂ ಕಟ್ಟುವ ನೂಲನ್ನೇ ಬಳಸಿದೆವು, ಬಿಗಿದರೆ ಕಡಿದುಹೋಗಲಿ, ಯಾರನ್ನೂ ಬೀಳಿಸದಿರಲಿ ಎಂದು.

ತೊಂದರೆಗಳು ಒಂದೊಂದಾಗಿ ಬಂದವು. ಮೊದಲ ಬಿಲ್ಲೆ ರಟ್ಟಿನದು. ಬೆಳಗಿನ ಮಂಜಿಗೆ ಮೆತ್ತಗಾಗಿ ಗಂಟೆ ತನ್ನಷ್ಟಕ್ಕೇ ಬಾರಿಸತೊಡಗಿತು. ಬಿದಿರಿನ ಸೀಳಿಗೆ ಮೇಣ ಉಜ್ಜಿ ಹಾಕಿದ ಮೇಲೆ ಸರಿಹೋಯಿತು. ತಂತಿಯನ್ನು ಸಿಲ್ವರ್ ಓಕ್ ಮರಗಳ ಮೇಲೆ ಎಳೆದು ತಂದಾಗ ಅಷ್ಟು ದೂರಕ್ಕೆ ಗಂಟೆ ಬರೀ ಟಿಕ್ ಅಂದು ನಿಂತಿತು. ಸೆಲ್ಲುಗಳನ್ನು ಒಂದರ ಬಾಲಕ್ಕೆ ಒಂದು ಸೇರಿಸಿ ಹೆಚ್ಚಿಸಬೇಕಾಯಿತು. ಕೋಣೆಯ ನಡುವಿನ ಜಂತಿಗೆ ಒಂದೇ ಕ್ಲಿಪ್ ಹಾಕಿದಾಗ ನೂಲು ಬಚ್ಚಲನ್ನು ಮುಟ್ಟಲಿಲ್ಲ. ಏಟು ಬಿದ್ದದ್ದೇ ಬಚ್ಚಲ ಬಾಗಿಲಲ್ಲಿ. ಅಲ್ಲಿಗೆ ಇನ್ನೊಂದು ಕ್ಲಿಪ್ ಬಂತು. ಗಂಟೆಯನ್ನು ಅಡುಗೆಮನೆಯ ಗೋಡೆಗೆ ಹೊಡೆದೆವು, ಹಗಲಿಡೀ ಅಲ್ಲಿ ಯಾರಾದರೂ ಇರುತ್ತಾರೆಂದು. ನಾವು ಪರೀಕ್ಷೆಗೆಂದು ಆ ವಾರ ಅದನ್ನು ಬಾರಿಸಿದ್ದಕ್ಕೆ ಲೆಕ್ಕವಿಲ್ಲ. ಆ ಪರೀಕ್ಷೆಗಳೇ ಮುಳುವಾದವು.

ಒಂದು ಮಧ್ಯಾಹ್ನ ನಾನು ಗೋಣಿಕೊಪ್ಪಕ್ಕೆ ಹೋಗಿ ಬಸ್ಸಿಳಿದು ಒಳಗೆ ಬರುವಾಗ ಅಡುಗೆಮನೆಯಲ್ಲಿ ಗಂಟೆ ಬಾರಿಸುತ್ತಲೇ ಇತ್ತು. ಕರಿಕೆಯ ಆಯಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಜಡೆ ಬಿಚ್ಚಿತ್ತು, ಕಿವಿಯ ಬಳಿ ರಕ್ತ ಕಂಡಿತು. ಅಡುಗೆಯವನು ಒಳಗೆ ಸೌಟು ಹಿಡಿದು ನಿಂತಿದ್ದ.

"ಗಂಟೆ ಕೇಳ್ತಾ?" ಅವಳು ಕೇಳಿದಳು.

"ಕೇಳಿತು."

"ಮತ್ತೆ?"

"ಪರೀಕ್ಷೆ ಮಾಡ್ತಿದ್ದೀರೇನೋ ಅಂದುಕೊಂಡೆ ಅಕ್ಕ. ದಿನಾ ಬಾರಿಸ್ತೀರಲ್ಲ. ಸಾರು ಒಲೆ ಮೇಲಿತ್ತು..."

ಅವಳು ಅವನನ್ನು ಬೈಯಲಿಲ್ಲ. ನನ್ನ ಕಡೆ ತಿರುಗಿದಳು. "ರೈಟ್ರೇ, ಗಂಟೆ ಲಾಯ್ಕ ಉಟ್ಟು. ಓಡಿ ಬರುವವರು ಇಲ್ಲೆ. ಬರುವವರನ್ನು ಮಾಡಿ ಕೊಡಿ, ಇಲ್ಲದಿದ್ರೆ ನಾ ಕೆಳಗೆ ಹೋಗುದಿಲ್ಲೆ."

ತೀರ್ಮಾನ ಅಲ್ಲಿಯೇ ಆಯಿತು. ನಾವು ತಂತಿಯ ಮೇಲೆ ಇಟ್ಟ ಗಮನವನ್ನು ತಂತಿಯ ಈಚೆ ತುದಿಯ ಮನುಷ್ಯನ ಮೇಲೆ ಇಟ್ಟಿರಲಿಲ್ಲ. ಅಂದೇ ಆದೇಶ ಬರೆದು ಸಹಿ ಹಾಕಿ ಅಡುಗೆಮನೆಯ ಬಾಗಿಲಿಗೆ ಅಂಟಿಸಿದೆ. ಕೆಳಗಿನ ಕೋಣೆಯ ಹೊರಚಿಲಕ ತೆಗೆಯುವ ಮೊದಲು ಆಯಾ ಮೇಲಕ್ಕೆ ಕೂಗಿ ಕೇಳಬೇಕು. ಮೇಲಿನವರು ಇದ್ದೇನೆ ಎಂದು ಕೂಗಿ ಹೇಳಬೇಕು. ಹೇಳಿದವರು ಅವಳು ಹೊರಬರುವವರೆಗೆ ಗಂಟೆಯ ಬಳಿಯಿಂದ ಕದಲಬಾರದು. ಗಂಟೆ ಬಾರಿಸಿದರೆ ಒಲೆಯ ಮೇಲೆ ಏನೇ ಇರಲಿ ಓಡಬೇಕು, ದಾರಿಯಲ್ಲಿ ಸಿಕ್ಕವರನ್ನೂ ಕರೆದುಕೊಳ್ಳಬೇಕು. ಉತ್ತರ ಬಾರದಿದ್ದರೆ ಆಯಾ ಒಳಗೆ ಹೋಗಬೇಕಾಗಿಲ್ಲ. ರೋಗಿಗೆ ತಡವಾದರೆ ಆ ಹೊಣೆ ರೈಟರದು. ಪಲ್ಪರ್ ಓಡುವ ಮಧ್ಯಾಹ್ನಗಳಲ್ಲಿ ಕೂಗು ಕೇಳದು, ಆಗ ಇಬ್ಬರು ಹೋಗಬೇಕು; ಸ್ನಾನ ಬೆಳಿಗ್ಗೆಯೇ ಮುಗಿಯಬೇಕು. ಪರೀಕ್ಷೆಗೆ ಇನ್ನು ಗಂಟೆ ಬಾರಿಸುವುದು ವಾರಕ್ಕೊಮ್ಮೆ, ಮೊದಲೇ ಹೇಳಿ.

ಅಧ್ಯಕ್ಷರಿಗೆ ಬೇಕಾಗಿದ್ದ ಇನ್ನೊಂದು ಗಲಾಟೆ ಸಿಕ್ಕಿತ್ತು. ಆಯಾಳನ್ನು ಬಿಡಿಸುವ ವಿಷಯಕ್ಕೆ ಮೇಲಿನ ಲೈನಿನ ಜಗಲಿಯಲ್ಲಿ ಸಮಿತಿ ಸೇರಿತು. ಆಯಾಗಳೆಲ್ಲ ಅಂಗಳದಲ್ಲಿ ಹಾಸಿಗೆ ಬಟ್ಟೆ ಹಿಂಡುತ್ತಿದ್ದರು. ಅವರನ್ನು ಯಾರೂ ಕರೆದಿರಲಿಲ್ಲ, ಅಲ್ಲಿಂದ ಯಾರೂ ಎದ್ದು ಹೋಗಲೂ ಇಲ್ಲ.

"ಇದು ಆರೈಕೆಮನೆಯೋ ಜೈಲೋ?" ಅಧ್ಯಕ್ಷರು ನನ್ನನ್ನು ಕೇಳಿದರು. "ನಮ್ಮ ದೊಡ್ಡಪ್ಪನ ಕೋಣೆಗೆ ತಂತಿ, ಕ್ಲಿಪ್ಪು. ಒಳಗೆ ಹೋಗಲು ಕೂಗಿ ಅಪ್ಪಣೆ. ನಮ್ಮದೇ ರಾಜ್ಯ ಇದ್ದಾಗ ಇಷ್ಟು ಕಾನೂನು ಮಾತಾಡುವವರಿರಲಿಲ್ಲ. ಆದೇಶ ಹೊರಡಿಸಲು ನೀವು ಯಾರು?"

"ಪಾಳಿ ಹಂಚುವವನು. ನಾನು ಕಳಿಸಿದ ಕಡೆ ಅವಳು ಹೋಗಿದ್ದಳು. ಕೂಗು ಕೇಳದ ಜಾಗಕ್ಕೆ ಇನ್ನು ಯಾರನ್ನೂ ಒಬ್ಬರನ್ನೇ ಕಳಿಸುವುದಿಲ್ಲ."

"ಹಾಗಾದರೆ ನಿಮ್ಮನ್ನೂ ಬಿಡಿಸಬೇಕಾಗುತ್ತದೆ."

"ಬಿಡಿಸಬಹುದು. ಬಿಡಿಸುವವರೆಗೆ ಆದೇಶ ಇರುತ್ತದೆ."

ಅವರು ಅಂಗಳದ ಕಡೆ ತಿರುಗಿದರು. ಆಯಾಗಳಲ್ಲಿ ಹಿರಿಯಳಾದ ತುಳು ಮಾತಿನ ಹೆಂಗಸನ್ನು ಕರೆದು, "ನೀನು ಹೋಗ್ತೀಯಾ ಕೆಳಗೆ, ಇವಳ ಬದಲಿಗೆ?" ಎಂದರು.

ಅವಳು ಹಿಂಡುತ್ತಿದ್ದ ಬಟ್ಟೆಯನ್ನು ಕೊಡವಿ ಹಗ್ಗಕ್ಕೆ ಹಾಕಿದಳು. "ಹೋಗ್ತೇನೆ ಸಾಹೇಬ್ರೇ. ಮೇಲಿಂದ ಯಾರಾದರೂ ಇದ್ದೇನೆ ಅಂದರೆ."

"ಅನ್ನದಿದ್ದರೆ?"

"ಅನ್ನದಿದ್ದರೆ ಬಟ್ಟೆ ಒಗೀತೇನೆ. ಬಟ್ಟೆ ಬೇಕಾದಷ್ಟಿದೆ."

ಇನ್ನೊಬ್ಬಳನ್ನು ಕೇಳಿದರು. ಅದೇ ಉತ್ತರ. ಮೂರನೆಯವಳು ಕೇಳುವ ಮೊದಲೇ ಇಲ್ಲವೆಂದು ತಲೆ ಅಲ್ಲಾಡಿಸಿದಳು. ಅಡುಗೆಯವನು ಯಾರೂ ಕೇಳದಿದ್ದರೂ ಬಾಗಿಲಿಗೆ ಬಂದು, "ತಪ್ಪು ನನ್ನದು, ಆ ಅಕ್ಕನದಲ್ಲ," ಎಂದ. ಕರಿಕೆಯ ಆಯಾ ಮಾತ್ರ ಬಿದಿರಿನ ಪಟ್ಟಿ ಬಿಚ್ಚಿದ ಕೈಯಲ್ಲಿ ಬಟ್ಟೆ ಹಿಂಡುವುದನ್ನು ಮುಂದುವರಿಸಿದಳು.

ಸಮಿತಿಯ ಇತರರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬರಿಗೆ ಬಸ್ಸಿನ ಹೊತ್ತಾಯಿತು. ಇನ್ನೊಬ್ಬರು, ವಿಷಯವನ್ನು ಮುಂದಿನ ಸಭೆಗೆ ಇಡೋಣ ಎಂದರು. ಹಾಗೆಯೇ ದಾಖಲಾಯಿತು. ಅದು ಸೋಲೋ ಗೆಲುವೋ ಎಂದು ಬರೆಯಲು ನನಗೆ ಆಧಾರವಿರಲಿಲ್ಲ.

ಮುಂದಿನ ಸಭೆಗೆ ಮೊದಲು ಒಂದು ಬೆಳಿಗ್ಗೆ ಅಧ್ಯಕ್ಷರು ಒಬ್ಬರೇ ಬಂದರು. ಮೋಡ ಕವಿದು ಮಳೆ ಹನಿಯತೊಡಗಿತ್ತು. ಅಡುಗೆಯವನು, ಮೇಲಿನ ಆಯಾಗಳು, ಕಾಂಪೌಂಡರ್ ಎಲ್ಲರೂ ಹಿತ್ತಲಿನಲ್ಲಿ ಒಣಹಾಕಿದ ಹಾಸಿಗೆಗಳನ್ನು ಒಳಗೆ ಹೊರುತ್ತಿದ್ದರು. ನಾನೂ ಒಂದು ಹಾಸಿಗೆ ಹೊತ್ತು ಅಡುಗೆಮನೆಯ ಹಿಂಬಾಗಿಲಿಗೆ ಬಂದಾಗ ಅಧ್ಯಕ್ಷರು ಒಳಗೆ ಬೆಂಚಿನ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ಕೆಳಗಿನಿಂದ ಕರಿಕೆಯ ಆಯಾಳ ಕೂಗು ಬಂತು.

"ಯಾರಿದ್ದೀರಿ ಮೇಲೆ?"

ನಾನು ಉತ್ತರಿಸಲಿಲ್ಲ. ಕೈಯಲ್ಲಿ ಹಾಸಿಗೆ ಇತ್ತು, ಹಿಂದೆ ಇನ್ನೂ ಹಾಸಿಗೆಗಳಿದ್ದವು, ಇದ್ದೇನೆ ಎಂದರೆ ನಿಲ್ಲಬೇಕಿತ್ತು. ಅಧ್ಯಕ್ಷರು ಕಾಫಿ ಕುಡಿಯುತ್ತಲೇ ಇದ್ದರು. ಕಿಟಕಿಯಿಂದ ಕೆಳಗಿನ ಲೈನು ಕಾಣುತ್ತಿತ್ತು. ಅವಳು ಬಾಗಿಲ ಹೊರಗೆ ಬಿಸಿನೀರಿನ ಬಕೆಟ್ ಇಟ್ಟುಕೊಂಡು ನಿಂತಿದ್ದಳು. ಚಿಲಕಕ್ಕೆ ಕೈ ಹಾಕಿರಲಿಲ್ಲ. ಬಕೆಟ್ಟಿನಿಂದ ಹಬೆ ಏಳುತ್ತಿತ್ತು.

"ಯಾರಿದ್ದೀರಿ?"

"ಕಾಯ್ತಾ ನಿಂತಿದ್ದಾಳಲ್ಲ," ಎಂದರು ಅಧ್ಯಕ್ಷರು. "ನೀರು ಆರಿಹೋಗುತ್ತದೆ. ದೊಡ್ಡಪ್ಪನಿಗೆ ಶೀತ ಆಗುತ್ತದೆ."

"ಹೌದು ಸಾರ್. ನೀವು ಉತ್ತರ ಕೊಡುವವರೆಗೆ ಅವಳು ಒಳಗೆ ಹೋಗುವುದಿಲ್ಲ."

ಅವರು ಕಾಫಿಯ ಲೋಟ ಕೆಳಗಿಟ್ಟರು. ಕಿಟಕಿಯ ಬಳಿ ಹೋಗಿ, ಗಂಟಲು ಸರಿಮಾಡಿಕೊಂಡು, "ಇದ್ದೇನೆ," ಎಂದರು.

ಕೆಳಗಿನಿಂದ ಉತ್ತರ ಬಂತು. "ಯಾರದು? ಕೇಳ್ತಿಲ್ಲೆ! ಜೋರಾಗಿ ಹೇಳಿ!"

ಅಧ್ಯಕ್ಷರು ಒಮ್ಮೆ ನನ್ನನ್ನು ನೋಡಿದರು. ಆಮೇಲೆ ಕಿಟಕಿಯ ಸರಳುಗಳನ್ನು ಎರಡೂ ಕೈಯಲ್ಲಿ ಹಿಡಿದು, ತೋಟದಾಚೆಗೂ ಕೇಳುವಂತೆ, "ಇದ್ದೇನೆ!" ಎಂದು ಕೂಗಿದರು.

ಅವಳು ಬಾಗಿ ಬಕೆಟ್ ಎತ್ತಿಕೊಂಡು ಚಿಲಕ ತೆಗೆದಳು. ನಾನು ಇನ್ನೊಂದು ಹಾಸಿಗೆ ತರಲು ಹೋದೆ. ಮಳೆ ಜೋರಾಗಿ, ಎಲ್ಲ ಹಾಸಿಗೆಗಳೂ ಒಳಗೆ ಬಂದಾದ ಮೇಲೆಯೂ ಅಧ್ಯಕ್ಷರು ಗಂಟೆಯ ಕೆಳಗೆ ನಿಂತೇ ಇದ್ದರು.